ಕ್ಷೌರಿಕನ ಹಡಪ

ಮನುಷ್ಯನು ತನ್ನ ಕೊರಳನ್ನು ಹರಿತವಾದ ಕತ್ತಿಯ ಕೆಳಗೆ ತಾನಾಗಿಯೇ ಒಡ್ಡಿ, ಕಣ್ಣು ಮುಚ್ಚಿ, ನೆಮ್ಮದಿಯಿಂದ ತೂಕಡಿಸುವ ಸ್ಥಳ ಈ ಪ್ರಪಂಚದಲ್ಲಿ ಒಂದೇ ಒಂದು. ಅದು ಕ್ಷೌರಿಕನ ಮುಂದಿನ ಪೀಠ. ಅರಸನು ಮಂತ್ರಿಯ ಮೇಲೆ ಇಡದ ವಿಶ್ವಾಸವನ್ನು, ಸಾಹುಕಾರನು ಸ್ವಂತ ಮಗನ ಮೇಲೆ ಇಡದ ವಿಶ್ವಾಸವನ್ನು, ಇಬ್ಬರೂ ಕ್ಷೌರಿಕನ ಮೇಲೆ ಇಟ್ಟಿದ್ದಾರೆ. ಹೀಗಿದ್ದರೂ ಪೀಠದಿಂದ ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೆ, ಅವನ ವೃತ್ತಿಯ ಹೆಸರನ್ನೇ ಬೈಗುಳವನ್ನಾಗಿ ಬಳಸಲು ಅದೇ ಜನರಿಗೆ ಸಂಕೋಚವಾಗುವುದಿಲ್ಲ. ಈ ವಿಚಿತ್ರವನ್ನು ಅರಿಯಬೇಕಾದರೆ ವಾಚಕರು ಕ್ಷೌರಿಕನ ಹಡಪವನ್ನು ಒಮ್ಮೆ ಬಿಚ್ಚಿ ನೋಡಬೇಕು.

ವಾಡಿಯ ರೈಲು ನಿಲ್ದಾಣದಿಂದ ತುಸು ದೂರದ ಬೀದಿಯೊಂದರಲ್ಲಿ ಎಂಬತ್ತು ದಾಟಿದ ವೃದ್ಧ ಕ್ಷೌರಿಕನೊಬ್ಬನಿದ್ದಾನೆ. ಅವನು ಹುಟ್ಟಿದ್ದು ಚಿಂಚೋಳಿ ತಾಲೂಕಿನಲ್ಲಿ, ಸೇಡಂ ಗಡಿಗೆ ಹತ್ತಿದ ಒಂದು ಹಳ್ಳಿಯಲ್ಲಿ. ಯೌವನದಲ್ಲಿ ಹಡಪವನ್ನು ಹೆಗಲಿಗೆ ಹಾಕಿಕೊಂಡು ಸುತ್ತಣ ಹತ್ತು ಊರುಗಳ ತಲೆಗಳನ್ನು ಸವರಿದವನು. ಚಿತ್ತಾಪುರದ ಸಂತೆಯಲ್ಲಿ ಬೇವಿನ ನೆರಳಿಗೆ ಕುಳಿತವನು. ಕಡೆಗೆ ವಾಡಿಗೆ ಬಂದು ನೆಲೆಸಿದವನು. ಸಿಕಂದರಾಬಾದಿನ ಹಳಿ 1874ರಲ್ಲಿ ಇಲ್ಲಿಗೆ ಬಂದು ಮುಂಬಯಿ–ಚೆನ್ನೈ ಹಳಿಯನ್ನು ಕೂಡಿಕೊಂಡಂದಿನಿಂದ ವಾಡಿಯಲ್ಲಿ ಹೊತ್ತು ಗೊತ್ತಿಲ್ಲದೆ ಜನ ಇಳಿಯುತ್ತಾರೆ. ಇಳಿದವರಿಗೆ ಗಡ್ಡವಿದ್ದೇ ಇರುತ್ತದೆ. ರೈಲಿನ ಗಿರಾಕಿಗಳನ್ನು ನಂಬಿ ಬಂದೆನೆಂದು ಮುದುಕನು ಕೇಳಿದವರಿಗೆಲ್ಲ ಹೇಳುತ್ತಾನೆ.

ಅಂಗಡಿ ಈಗ ಮಗನದು. ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ, ವಿದ್ಯುತ್ತಿನ ಮಷೀನು ಎಲ್ಲವೂ ಬಂದಿವೆ. ಹಳೆಯ ಹಡಪ ಮಾತ್ರ ಒಳಗೋಡೆಯ ಮೊಳೆಗೆ ತೂಗಾಡುತ್ತಿತ್ತು. ಕಾಲೇಜಿನಲ್ಲಿ ಓದುವ ಮೊಮ್ಮಗನು ರಜೆಯ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅದನ್ನು ಕೆಳಗಿಳಿಸಿ ಅಜ್ಜನ ಮುಂದೆ ಬಿಚ್ಚಿದನು.

"ಮುತ್ಯಾ, ಇದರಾಗಿನ ಒಂದೊಂದು ಸಾಮಾನು ಎದಕ್ಕ ಬರ್ತದ, ಹೇಳು" ಎಂದನು.

ಮೊದಲು ಕೈಗೆ ಬಂದದ್ದು ಕತ್ತಿ. ಕಲಬುರಗಿ ಸೀಮೆಯ ಬಾಯಲ್ಲಿ ಅದು ಉಸ್ತರಾ. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಪಾರ್ಸಿಯ ಈ ಮಾತು ಕನ್ನಡದ ಮನೆಯಲ್ಲಿ ಬಾಡಿಗೆಯಿಲ್ಲದೆ ಉಳಿದುಕೊಂಡಿದೆ. ಕತ್ತಿಯ ಬೆನ್ನು ದಪ್ಪ, ಬಾಯಿ ತೆಳು, ನಡುಭಾಗ ಎರಡು ಮಗ್ಗುಲಲ್ಲಿಯೂ ತಗ್ಗು. ಕೆನ್ನೆಗೂ ಅಲಗಿಗೂ ನಡುವೆ ಸುಮಾರು ಮೂವತ್ತು ಡಿಗ್ರಿಯ ಕೋನವಿರಬೇಕು. ಹೆಚ್ಚು ಮಲಗಿಸಿದರೆ ಕೂದಲು ಜಗ್ಗುತ್ತದೆ. ಹೆಚ್ಚು ಎತ್ತಿದರೆ ಚರ್ಮ ಹೆರೆಯುತ್ತದೆ. ಕತ್ತಿ ಹಿಡಿದ ಬಲಗೈಯನ್ನೇ ಜಗತ್ತು ನೋಡುತ್ತದೆಯಾದರೂ ಕೆಲಸದ ಅರ್ಧ ಭಾಗ ಎಡಗೈಯದು. ಚರ್ಮವನ್ನು ಎರಡು ಬೆರಳುಗಳಿಂದ ಎಳೆದು ಬಿಗಿಹಿಡಿಯದಿದ್ದರೆ ಎಂತಹ ಕತ್ತಿಯೂ ನಿಷ್ಪ್ರಯೋಜಕ.

ಎರಡನೆಯದು ಮಸೆಗಲ್ಲು. ಇಲ್ಲೊಂದು ತಮಾಷೆಯುಂಟು. ಈ ನಾಡು ಕಲ್ಲಿನ ನಾಡು. ಶಹಾಬಾದಿನ ಚಪ್ಪಡಿಗಳು ಎಷ್ಟು ಮನೆಗಳಿಗೆ ನೆಲವಾಗಿಲ್ಲ! ಆದರೆ ಊರ ತುಂಬ ಕಲ್ಲಿದ್ದರೂ ಕ್ಷೌರಿಕನಿಗೆ ಬೇಕಾದ ಕಲ್ಲು ಇದಲ್ಲ. ಶಹಾಬಾದಿನದು ಸುಣ್ಣಕಲ್ಲು, ಸುಣ್ಣಕಲ್ಲಿನ ಹರಳಿನ ಗಡಸುತನ ಮೋಸ್ ಎಂಬ ಅಳತೆಯಲ್ಲಿ ಕೇವಲ 3. ಉಕ್ಕು ಅದಕ್ಕಿಂತ ಗಟ್ಟಿ. ಮಸೆಯಹೋದರೆ ಕತ್ತಿಗೆ ಬದಲಾಗಿ ಕಲ್ಲೇ ಸವೆದೀತು. ಉಕ್ಕನ್ನು ತಿದ್ದಬೇಕಾದರೆ ಉಕ್ಕಿಗಿಂತ ಗಡಸಾದ ನುಣ್ಣನೆಯ ಕಣಗಳುಳ್ಳ ಕಲ್ಲು ಬೇಕು. ಆ ಕಲ್ಲು ಅಂಗೈಯಗಲದ್ದು, ನಡುವೆ ಸವೆದು ದೋಣಿಯಂತಾದುದು, ಹಡಪದೊಳಗೆ ಅರಿವೆಯಲ್ಲಿ ಸುತ್ತಿಟ್ಟಿತ್ತು.

ಮೂರನೆಯದು ಚರ್ಮದ ಪಟ್ಟಿ. ಕಲ್ಲಿನ ಮೇಲೆ ಕತ್ತಿಯ ಬಾಯಿ ಮುಂದಾಗಿ ನಡೆಯುತ್ತದೆ. ಪಟ್ಟಿಯ ಮೇಲೆ ಬೆನ್ನು ಮುಂದಾಗಿ ನಡೆಯುತ್ತದೆ. ಕಲ್ಲು ಅಲಗನ್ನು ಹುಟ್ಟಿಸುತ್ತದೆ, ಪಟ್ಟಿ ಅದರ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಕಲಿಯುವ ಹುಡುಗರು ದಿಕ್ಕು ತಪ್ಪಿದರೆ ಪಟ್ಟಿ ಸೀಳಿಹೋಗುತ್ತದೆ. ಮುದುಕನ ಪಟ್ಟಿಯಲ್ಲಿಯೂ ಅಂತಹ ಎರಡು ಗಾಯಗಳಿದ್ದವು. ಒಂದು ಅವನದು, ಒಂದು ಮಗನದು.

ಅನಂತರ ಕತ್ತರಿ ಮತ್ತು ಹಣಿಗೆ. ಇವನ್ನು ಬೇರೆ ಬೇರೆಯಾಗಿ ಹೇಳುವುದು ಗಂಡಹೆಂಡಿರನ್ನು ಬೇರೆ ಪಂಕ್ತಿಯಲ್ಲಿ ಕೂಡಿಸಿದಂತೆ. ಪಳಗಿದ ಕೈಯಲ್ಲಿ ಕತ್ತರಿಯ ಒಂದು ಅಲಗು ನಿಶ್ಚಲವಾಗಿರುತ್ತದೆ. ಹೆಬ್ಬೆರಳಿನ ಅಲಗು ಮಾತ್ರ ಆಡುತ್ತದೆ. ಎರಡೂ ಅಲಗುಗಳನ್ನು ಆಡಿಸುವವನು ಇನ್ನೂ ಹೊಸಬ. ಕೂದಲನ್ನು ಎತ್ತಿ, ಎಷ್ಟು ಉಳಿಯಬೇಕು ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ಹಣಿಗೆ. ಕತ್ತರಿ ಆ ತೀರ್ಪನ್ನು ಜಾರಿಗೆ ತರುತ್ತದೆ ಅಷ್ಟೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ತೀರ್ಪು ತಪ್ಪಿದರೂ ಮೇಲ್ಮನವಿಗೆ ಅವಕಾಶವಿದೆ. ಹಣಿಗೆ ಮತ್ತು ಕತ್ತರಿಯ ಕೆಲಸವನ್ನು ಒಂದುಗೂಡಿಸಿದ್ದೇ ಮಷೀನು. ಹಲ್ಲುಳ್ಳ ಎರಡು ಪಟ್ಟಿಗಳಲ್ಲಿ ಕೆಳಗಿನದು ನಿಂತಿರುತ್ತದೆ, ಮೇಲಿನದು ಅತ್ತಿತ್ತ ಸರಿಯುತ್ತದೆ. ಹಡಪದಲ್ಲಿದ್ದುದು ಕೈಯಿಂದ ಹಿಸುಕುವಂತಹದು. ಮಗನ ವಿದ್ಯುತ್ ಮಷೀನಿಗೆ ನಂಬರಿನ ಹಣಿಗೆಗಳಿವೆ: ಒಂದನೆಯ ನಂಬರು 3 ಮಿಲಿಮೀಟರ್, ಎರಡನೆಯದು 6 ಮಿಲಿಮೀಟರ್ ಕೂದಲನ್ನು ಉಳಿಸುತ್ತದೆ. ಇಂದಿನ ತರುಣರು ತಮ್ಮ ಶಿರಸ್ಸನ್ನು ನಂಬರಿನಲ್ಲೇ ಹೇಳುತ್ತಾರೆ.

ಹಡಪದ ತಳದಲ್ಲಿ ಉಗುರುಗತ್ತಿ, ಹಿತ್ತಾಳೆಯ ಬಟ್ಟಲು, ಬ್ರಶ್ಶು, ಪಟಕದ ತುಂಡು ಇದ್ದವು. ನೀರು ಕೂದಲನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬ್ರಶ್ಶು ನೊರೆಯೆಬ್ಬಿಸಿ ಕೂದಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಪಟಕ ಗಾಯದ ಬಾಯಿಯನ್ನು ಕುಗ್ಗಿಸಿ ರಕ್ತವನ್ನು ತಡೆಯುತ್ತದೆ. ಆದರೆ ರಕ್ತದೊಡನೆ ಸಾಗುವ ರೋಗವನ್ನು ಪಟಕ ತಡೆಯಲಾರದು. ಕಾಮಾಲೆಯ ಬಿ ವೈರಸ್ಸಾಗಲಿ, ಎಚ್‌ಐವಿಯಾಗಲಿ ಒಂದು ಕೊರಳಿನಿಂದ ಇನ್ನೊಂದಕ್ಕೆ ಅಲಗಿನ ಮೇಲೆ ದಾಟಬಾರದೆಂದೇ ಇಂದು ಮಗನು ಪ್ರತಿ ಗಿರಾಕಿಗೂ ಹೊಸ ಬ್ಲೇಡನ್ನು ಮುರಿದು ಹಿಡಿಗೆ ಸೇರಿಸುತ್ತಾನೆ. ಅಮೆರಿಕದ ಜಿಲೆಟ್ 1904ರಲ್ಲಿ ಪೇಟೆಂಟು ಪಡೆದ ಬಳಸಿ ಬಿಸಾಡುವ ಅಲಗು ಹೀಗೆ ಮಸೆಗಲ್ಲಿಗೂ ಪಟ್ಟಿಗೂ ನಿವೃತ್ತಿಯನ್ನು ಕೊಟ್ಟಿತು.

ಈ ಸಾಮಾನುಗಳೆಲ್ಲ ಇಷ್ಟು ಸಣ್ಣವಾದರೂ ಇವುಗಳ ಇತಿಹಾಸ ಸಣ್ಣದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ, ಅಶೋಕನ ಹೆಸರು ಕೆತ್ತಿದ ಶಿಲ್ಪದೊಡನೆ ಬೌದ್ಧ ಸ್ತೂಪವೊಂದು ಉತ್ಖನನದಲ್ಲಿ ಬೆಳಕಿಗೆ ಬಂದಿದೆ. ಬೌದ್ಧ ಭಿಕ್ಷುವು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ ಒಂದು ಕ್ಷೌರದ ಕತ್ತಿ. ಮನೆ, ಹೊಲ, ಹಣ ಎಲ್ಲವನ್ನೂ ತೊರೆದವನು ಕೂಡ ಅದನ್ನು ತೊರೆಯಲಿಲ್ಲ. ಸೇಡಂ ತಾಲೂಕಿನ ಮಳಖೇಡವಾದರೋ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಜೈನಧರ್ಮದ ನೆಲೆ. ಜೈನ ಮುನಿಗಳು ಕತ್ತಿಯನ್ನೂ ಬಿಟ್ಟು, ಕೇಶಲೋಚವೆಂದು ತಮ್ಮ ಕೂದಲನ್ನು ಬೆರಳುಗಳಿಂದಲೇ ಕಿತ್ತುಕೊಳ್ಳುವರು. ಸಂಸಾರಿಗಳಿಗೆ ಈ ಎರಡೂ ಮಾರ್ಗಗಳು ಕಠಿನ. ಅವರಿಗೆ ಕ್ಷೌರಿಕನೇ ಗತಿ.

ಆ ಕ್ಷೌರಿಕನನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸಿದ ಎರಡು ಕಥೆಗಳಿವೆ. ಶಾಕ್ಯ ರಾಜಕುಮಾರರು ಬುದ್ಧನಲ್ಲಿ ದೀಕ್ಷೆಗೆ ಬಂದಾಗ, ತಮ್ಮ ಕ್ಷೌರಿಕನಾದ ಉಪಾಲಿಗೆ ಮೊದಲು ದೀಕ್ಷೆ ಕೊಡಬೇಕೆಂದು ಬೇಡಿಕೊಂಡರಂತೆ. ಹಿರಿಯ ಭಿಕ್ಷುವಾದ ಅವನಿಗೆ ತಾವು ನಮಸ್ಕರಿಸಬೇಕಾಗಿ ಬಂದು ಶಾಕ್ಯರ ಅಹಂಕಾರ ಅಳಿಯಲಿ ಎಂಬುದು ಅವರ ಆಶಯ. ಅದೇ ಉಪಾಲಿ ಮುಂದೆ ಸಂಘದ ನಿಯಮಗಳೆಲ್ಲಕ್ಕೂ ಪ್ರಮಾಣಪುರುಷನಾದನು. ಇನ್ನೊಂದು ಕಥೆ ಇಲ್ಲಿಗೆ ಸಮೀಪದ ಬಸವಕಲ್ಯಾಣದ್ದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ತಾಂಬೂಲದ ಚೀಲವನ್ನು, ಅಂದರೆ ಹಡಪವನ್ನು, ಹೊತ್ತ ಅಪ್ಪಣ್ಣನವರು ವಚನಕಾರರಾದರು. ಅವರ ಪತ್ನಿ ಲಿಂಗಮ್ಮನೂ ವಚನಗಳನ್ನು ಬರೆದಳು. ಬಸವಣ್ಣನವರನ್ನು ಕಾಣಬಂದವರು ಮೊದಲು ಅಪ್ಪಣ್ಣನವರನ್ನು ಕಾಣಬೇಕಿತ್ತೆಂದು ಜನ ಇಂದಿಗೂ ಹೇಳುತ್ತಾರೆ. ಈ ಸೀಮೆಯ ಕ್ಷೌರಿಕರು ಹಡಪದವರೆಂದು ಕರೆದುಕೊಳ್ಳುವುದು ಅವರ ಹೆಸರಿನಿಂದ. ಇನ್ನು ಬೈಗುಳವಾದ ಆ ಮಾತು, ಹಜಾಮ? ಅರಬ್ಬಿಯಲ್ಲಿ ಅದಕ್ಕೆ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕನೆಂದರ್ಥ. ವೈದ್ಯನ ಹೆಸರನ್ನು ಬೈಗುಳ ಮಾಡಿದ ಕೀರ್ತಿ ಸಮಾಜಕ್ಕೆ ಸಲ್ಲಬೇಕು.

ಮುದುಕನಿಗೆ ಈ ಕಥೆಗಳೆಲ್ಲ ಗೊತ್ತಿದ್ದವು. ಆದರೆ ಮೊಮ್ಮಗನಿಗೆ ಅವನು ಅಂದು ಹೇಳಿದ್ದು ಮತ್ತೊಂದು ಕಥೆ. ಕತ್ತಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದನು.

1960ರ ದಶಕದ ಮಾತು. ಹಳ್ಳಿಯಲ್ಲಿ ಅವನಿಗೆ ಹಣದ ಕೂಲಿಯಿರಲಿಲ್ಲ. ರಾಶಿಯ ಕಾಲದಲ್ಲಿ ಮನೆಮನೆಯಿಂದ ಬರುವ ಜೋಳ, ತೊಗರಿಯ ಆಯವೇ ವರ್ಷದ ಅನ್ನ. ಊರ ಹೊರಗಣ ಕೇರಿಯವರಿಗೆ ಕ್ಷೌರ ಮಾಡಿದರೆ ಆಯ ನಿಲ್ಲುವುದೆಂದು ಎಲ್ಲರಿಗೂ ತಿಳಿದಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ರದ್ದುಪಡಿಸಿತ್ತು. ಜಾತಿಯ ಕಾರಣಕ್ಕೆ ಸೇವೆಯನ್ನು ನಿರಾಕರಿಸುವುದು 1955ರ ಕಾಯಿದೆಯಂತೆ ಅಪರಾಧವಾಗಿತ್ತು. ಕಾಯಿದೆ ದೂರದಲ್ಲಿತ್ತು, ಗೌಡರ ಕಟ್ಟೆ ಹತ್ತಿರದಲ್ಲಿತ್ತು.

ಕೇರಿಯ ತರುಣನೊಬ್ಬ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದವನು ತನ್ನ ಮದುವೆಗೆಂದು ಊರಿಗೆ ಬಂದನು. ಮದುವೆಯ ಹಿಂದಿನ ದಿನ, ಕಟ್ಟೆಯವರೆಲ್ಲ ನೋಡುತ್ತಿರುವಾಗ, ಬೇವಿನ ಮರದ ಕೆಳಗೆ ಬಂದು, "ನಾಳೆ ಮದಿವಿ ಅದ, ದಾಡಿ ಮಾಡು" ಎಂದು ಕೇಳಿದನು. ಕ್ಷೌರಿಕನು ತಲೆಯೆತ್ತಲಿಲ್ಲ.

"ಕತ್ತಿ ಹರಿತಿಲ್ಲ" ಎಂದನು.

ಕತ್ತಿ ಆಗತಾನೆ ಪಟ್ಟಿಯಿಂದ ಇಳಿದಿತ್ತು; ಬಿಸಿಲಿಗೆ ಹೊಳೆಯುತ್ತಿತ್ತು. ತರುಣನು ಆ ಹೊಳಪನ್ನು ಒಂದು ಗಳಿಗೆ ನೋಡಿ, ಏನೂ ಆಡದೆ ತಿರುಗಿ ನಡೆದನು. ರಾತ್ರಿಯೇ ಸೇಡಂವರೆಗೆ ನಡೆದು, ಬೆಳಗಾಗುತ್ತಲೆ ಕುಲವನ್ನು ಕೇಳದ ಯಾವುದೋ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡು, ಹಂದರಕ್ಕೆ ಹೊತ್ತು ಮೀರಿ ಬಂದನೆಂದು ಊರವರು ನಗುತ್ತ ಹೇಳಿದರು. ಕ್ಷೌರಿಕನಿಗೆ ನಗು ಬರಲಿಲ್ಲ. ಮರುವರ್ಷದ ಆಯವನ್ನು ಕಾಯದೆ ಅವನು ಹೆಂಡತಿ ಮಕ್ಕಳೊಡನೆ ವಾಡಿಗೆ ಹೊರಟುಬಂದನು. ರೈಲಿನ ಗಿರಾಕಿಗಳ ನೆವ ಜನರಿಗೆ ಹೇಳಲು ಮಾತ್ರ.

"ಕತ್ತಿಗಿ ಜಾತಿ ಗೊತ್ತಿಲ್ಲ ತಮ್ಮಾ, ಈ ಕೈಗಿ ಗೊತ್ತಿತ್ತು" ಎಂದನು ಮುದುಕ.

"ಮುಂದ ಅಂವ ಮತ್ತ ಸಿಗಲಿಲ್ಲೇನು?"

ಸಿಕ್ಕಿದ್ದನು. 2020ರಲ್ಲಿ. ಆ ವರ್ಷ ಕೊರೋನಾದ ಮೊದಲ ಸಾವು ಭಾರತದಲ್ಲಿ ಸಂಭವಿಸಿದ್ದು ಕಲಬುರಗಿಯಲ್ಲಿಯೇ, ಮಾರ್ಚಿಯಲ್ಲಿ. ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಒಬ್ಬರನ್ನೊಬ್ಬರು ಮುಟ್ಟದೆ ನಡೆಯಲಾರದ ವೃತ್ತಿ ಎಲ್ಲಕ್ಕಿಂತ ಮೊದಲು ನಿಂತಿತು. ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಯ ನೆರವನ್ನು ರಾಜ್ಯ ಸರಕಾರ ಮೇ ತಿಂಗಳಲ್ಲಿ ಘೋಷಿಸಿತು. ಊರಿಗೆ ಊರೇ ಕೂದಲು ಬೆಳೆಸಿಕೊಂಡು ಋಷ್ಯಾಶ್ರಮದಂತಾಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಗೌಡರಿಗೂ ಸಾಹುಕಾರರಿಗೂ, ಮುಟ್ಟುವ ಕೈ ದೂರವಾದರೆ ಹೇಗಿರುತ್ತದೆಂಬುದು ತಿಳಿಯಿತು.

ಅಂಗಡಿ ಮತ್ತೆ ತೆರೆದ ದಿನಗಳಲ್ಲಿ, ಬಾಯಿಗೆ ಬಟ್ಟೆ ಕಟ್ಟಿದ ವೃದ್ಧನೊಬ್ಬ ಬಂದು ಕುರ್ಚಿಯಲ್ಲಿ ಕುಳಿತನು. ಬಟ್ಟೆಯನ್ನು ಬಿಚ್ಚಿದಾಗ ಮುದುಕನಿಗೆ ಗುರುತು ಹತ್ತಿತು. ಮಗನನ್ನು ಸರಿಸಿ ತಾನೇ ಮುಂದೆ ಬಂದು, ಬೆಚ್ಚನೆಯ ನೀರು ಹಚ್ಚಿ, ನೊರೆಯೆಬ್ಬಿಸಿ, ಹೊಸ ಬ್ಲೇಡನ್ನು ಅವನ ಕಣ್ಣೆದುರಿಗೇ ಮುರಿದು ಹಿಡಿಗೆ ಹಾಕಿದನು. ಆ ವೃದ್ಧನು ಬ್ಲೇಡಿನ ಹೊಳಪನ್ನು ನೋಡಿದನು. ಆಮೇಲೆ ಕಣ್ಣು ಮುಚ್ಚಿ ಕೊರಳನ್ನು ಮೇಲೆತ್ತಿದನು. ಐವತ್ತು ವರ್ಷಗಳಿಗಿಂತ ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಗಾಯವೊಂದೂ ಆಗದೆ ಕೆಲಸ ಮುಗಿಯಿತು.

ಎದ್ದು ನಿಂತವನು ನೋಟನ್ನು ಚಾಚಿದಾಗ ಮುದುಕನು ಕೈಮುಗಿದು ಬೇಡವೆಂದನು. ಆತ ನೋಟನ್ನು ಹಣಿಗೆಯ ಕೆಳಗೆ ಸಿಕ್ಕಿಸಿದನು.

"ತಗೋ. ಅಂಗಡಿಗಿ ಬಂದೀನಿ, ನಿಮ್ಮ ಮನಿಗಿ ಬೀಗನಾಗಿ ಬಂದಿಲ್ಲ" ಎಂದು ನಕ್ಕು, ಬಟ್ಟೆಯನ್ನು ಕಟ್ಟಿಕೊಂಡು ಹೊರಟುಹೋದನು.

ಮೊಮ್ಮಗನು ಆ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದನು. ದಯೆಯಿಂದ ಬಂದದ್ದನ್ನು ಕೊಟ್ಟವನು ಮರಳಿ ಕಸಿದುಕೊಳ್ಳಬಲ್ಲ. ಬೆಲೆ ಕೊಟ್ಟು ಪಡೆದದ್ದು ಹಕ್ಕು. ಆ ವೃದ್ಧನು ಕೇಳಿದ್ದು ಬೇವಿನ ಮರದ ಕೆಳಗೆಯೂ ಇಷ್ಟನ್ನೇ.

ಹಡಪದಲ್ಲಿ ಇನ್ನೊಂದು ಸಾಮಾನು ಉಳಿದಿತ್ತು: ತಗಡಿನ ಚೌಕಟ್ಟಿನ ಸಣ್ಣ ಕನ್ನಡಿ. ಕೆಲಸವೆಲ್ಲ ಮುಗಿದ ಮೇಲೆ ಅದನ್ನು ಗಿರಾಕಿಯ ಬೆನ್ನಹಿಂದೆ ಹಿಡಿಯುತ್ತಾರೆ. ಮುಂದಿನ ಕನ್ನಡಿಯಲ್ಲಿ ಹಿಂದಿನ ಕನ್ನಡಿ ಮೂಡಿ, ಮನುಷ್ಯನಿಗೆ ತಾನಾಗಿ ಎಂದೂ ಕಾಣದ ತನ್ನ ಹಿಂದಲೆ ಕಾಣುತ್ತದೆ. ಮುದುಕನು ಅದನ್ನು ಅಂಗಿಯ ತುದಿಯಿಂದ ಒರೆಸಿ, ತನ್ನ ಮುಖವನ್ನೇ ಒಮ್ಮೆ ನೋಡಿಕೊಂಡು, ಮೊಮ್ಮಗನ ಕೈಗೆ ಕೊಟ್ಟನು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿದ್ದಿತು. ಕಲ್ಲಿನ ಬಿಳಿಯ ಧೂಳು ಮೆತ್ತಿದ ತಲೆಯ ಕೂಲಿಕಾರನೊಬ್ಬ, ಒಳಗೆ ಬರಬಹುದೋ ಬಾರದೋ ಎಂಬಂತೆ ಹೊಸ್ತಿಲಲ್ಲಿ ನಿಂತಿದ್ದನು. ಹುಡುಗನು ಎದ್ದು ಕುರ್ಚಿಯನ್ನು ಅವನತ್ತ ತಿರುಗಿಸಿದನು.

"ಬರ್ರಿ, ಕೂಡ್ರಿ" ಎಂದನು. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ. ಮುದುಕನು ಹೊಸ ಬ್ಲೇಡಿನ ಪೊಟ್ಟಣವನ್ನು ಮೆಲ್ಲನೆ ಮುಂದಕ್ಕೆ ಸರಿಸಿದನು.