ಸೇಂಟ್ ಎಲಿಜಬೆತ್ಸ್ ಗುಡ್ಡ

ವಾಷಿಂಗ್ಟನ್ ನಗರವನ್ನು ಕಾಣಹೋದವರು ಶ್ವೇತಭವನವನ್ನೂ ಸಂಸತ್ ಭವನದ ಗುಮ್ಮಟವನ್ನೂ ಕಣ್ತುಂಬ ನೋಡಿ ಹಿಂದಿರುಗುವುದು ವಾಡಿಕೆ. ಅನಕೋಸ್ಟಿಯಾ ನದಿಯನ್ನು ದಾಟಿ, ಆಗ್ನೇಯ ದಿಕ್ಕಿನ ಗುಡ್ಡವನ್ನೇರುವವರು ವಿರಳ. ಅಲ್ಲಿ ಹಳೆಯ ಮರಗಳ ನಡುವೆ, ಕೋಟೆಯ ತೆನೆಗಳನ್ನು ನೆನಪಿಸುವ ನೆತ್ತಿಯುಳ್ಳ ಕೆಂಪು ಇಟ್ಟಿಗೆಯ ಭವ್ಯ ಕಟ್ಟಡವೊಂದಿದೆ. ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಪ್ರಧಾನ ಕಚೇರಿ ಇದು. ಹಿಂದೆ ಇದೇ ಕಟ್ಟಡ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿತ್ತೆಂದರೆ ಓದುಗರಿಗೆ ಆಶ್ಚರ್ಯವೆನಿಸಬಹುದು.

ಬುದ್ಧಿಭ್ರಮಣೆಯಾದವರನ್ನು ಸೆರೆಮನೆಗಳಲ್ಲಿ ಕೂಡಿಹಾಕುತ್ತಿದ್ದ ಕಾಲವೊಂದಿತ್ತು. ಅಂಥವರ ಪರವಾಗಿ ಊರೂರು ಅಲೆದು, ಶಾಸನಸಭೆಗಳ ಬಾಗಿಲು ತಟ್ಟಿದ ಮಹಿಳೆ ಡೊರೊತಿಯಾ ಡಿಕ್ಸ್. ಆಕೆಯ ಪ್ರಯತ್ನದ ಫಲವಾಗಿ 1855ರಲ್ಲಿ ಇಲ್ಲಿ ಸರಕಾರದ ಆಸ್ಪತ್ರೆ ತೆರೆಯಿತು. ಸಂಸತ್ ಭವನದ ಗುಮ್ಮಟವನ್ನು ರೂಪಿಸಿದ ಥಾಮಸ್ ವಾಲ್ಟರನ ಕೈ ಇದರ ನಕ್ಷೆಯಲ್ಲಿಯೂ ಇದೆ. ಗಾಳಿ, ಬೆಳಕು, ನದಿಯ ನೋಟ ಇವೇ ಕದಡಿದ ಮನಸ್ಸಿಗೆ ಮದ್ದೆಂಬುದು ಅಂದಿನ ವೈದ್ಯರ ನಂಬಿಕೆ. ಆದ್ದರಿಂದಲೇ ಎರಡು ನದಿಗಳ ಸಂಗಮ ಕಾಣುವ ಈ ರಮಣೀಯ ಸ್ಥಳ ರೋಗಿಗಳ ಪಾಲಿಗೆ ಬಂದಿತು.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಗಾಯಗೊಂಡ ಯೋಧರನ್ನೂ ಇಲ್ಲಿಗೆ ಕರೆತಂದರು. ಕಾಲು ಕಳೆದುಕೊಂಡವನಿಗೂ ಹುಚ್ಚಾಸ್ಪತ್ರೆಯಿಂದ ಮನೆಗೆ ಕಾಗದ ಬರೆಯಲು ನಾಚಿಕೆ! ಆ ಭೂಮಿಯ ಪುರಾತನ ಹೆಸರಾದ 'ಸೇಂಟ್ ಎಲಿಜಬೆತ್ಸ್' ಎಂಬುದನ್ನೇ ಅವರು ವಿಳಾಸವಾಗಿ ಬರೆಯತೊಡಗಿದರು. ಸಂಕೋಚದಿಂದ ಹುಟ್ಟಿದ ಈ ಹೆಸರನ್ನೇ 1916ರಲ್ಲಿ ಸಂಸತ್ತು ಅಧಿಕೃತಗೊಳಿಸಿತು.

ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಆಕಾಶವಾಣಿಯಿಂದ ಸ್ವದೇಶದ ವಿರುದ್ಧ ಮಾತನಾಡಿದ ಕವಿ ಎಜ್ರಾ ಪೌಂಡನ ಮೇಲೆ ದೇಶದ್ರೋಹದ ಆರೋಪ ಬಂದಿತು. ವಿಚಾರಣೆಯನ್ನೆದುರಿಸುವ ಮನಃಸ್ಥಿತಿ ಅವನಿಗಿಲ್ಲವೆಂದು ತೀರ್ಮಾನವಾಗಿ, 1958ರವರೆಗೆ ಸುಮಾರು ಹನ್ನೆರಡು ವರ್ಷಗಳನ್ನು ಅವನು ಇಲ್ಲಿಯೇ ಕಳೆದನು. ಎಲಿಯಟ್‌ನಂಥ ಕವಿಗಳು ಅವನನ್ನು ಕಾಣಲು ಈ ಗುಡ್ಡ ಹತ್ತಿದರು. ದೇಶಕ್ಕೆ ಅಪಾಯಕಾರಿಯೆನಿಸಿಕೊಂಡವನಿದ್ದ ಕಟ್ಟಡದಲ್ಲಿಯೇ ಈಗ ದೇಶದ ಅಪಾಯಗಳನ್ನು ಎಣಿಸುವವರು ಕುಳಿತಿದ್ದಾರೆ.

2001ರ ಸೆಪ್ಟೆಂಬರ್ ದಾಳಿಯ ತರುವಾಯ 22 ಸಂಸ್ಥೆಗಳನ್ನು ಒಗ್ಗೂಡಿಸಿ ಈ ಇಲಾಖೆಯನ್ನು ರಚಿಸಲಾಯಿತು. 2003ರಲ್ಲಿ ಅದು ಕಾರ್ಯಾರಂಭ ಮಾಡಿತು. ನಗರದಲ್ಲಿ ಚದರಿಹೋಗಿದ್ದ ಕಚೇರಿಗಳನ್ನು ಒಂದೆಡೆ ತರಲು, ಪಾಳುಬಿದ್ದಿದ್ದ ಈ ಆವರಣವನ್ನು ಆರಿಸಿದರು. 2013ರಲ್ಲಿ ಕರಾವಳಿ ರಕ್ಷಣಾ ಪಡೆಯೂ 2019ರಲ್ಲಿ ಇಲಾಖೆಯ ಮುಖ್ಯಸ್ಥರೂ ಇಲ್ಲಿಗೆ ಬಂದರು. ಹೊರಗೋಡೆಗಳನ್ನು ಉಳಿಸಿಕೊಂಡು ಒಳಭಾಗವನ್ನು ಹೊಸದಾಗಿ ಕಟ್ಟಲಾಯಿತು. ರಸ್ತೆಯಾಚೆಯ ಪೂರ್ವಭಾಗದಲ್ಲಿ ಮಾನಸಿಕ ರೋಗಿಗಳ ಚಿಕಿತ್ಸೆ ಇಂದಿಗೂ ನಡೆದಿದೆ.

ಹಿಂದೆ ಒಳಗಿನವರು ಅಪ್ಪಣೆಯಿಲ್ಲದೆ ಹೊರಬರುವಂತಿರಲಿಲ್ಲ. ಇಂದು ಹೊರಗಿನವರು ಒಳಹೋಗುವಂತಿಲ್ಲ. ಬೇಲಿಯೊಳಗಿನ ಇಳಿಜಾರಿನಲ್ಲಿ ಅಂತರ್ಯುದ್ಧದ ಯೋಧರ ಪುಟ್ಟ ಸ್ಮಶಾನವಿದೆ. ಉತ್ತರದವರೂ ದಕ್ಷಿಣದವರೂ, ಕರಿಯರೂ ಬಿಳಿಯರೂ ಅಲ್ಲಿ ಒಟ್ಟಿಗೆ ಮಲಗಿದ್ದಾರೆ. ತಮ್ಮ ವಿಳಾಸವನ್ನು ಮರೆಮಾಚಿದವರು ಅವರು. ಅವರಿರುವ ಆವರಣವನ್ನು ನೋಡಬಯಸುವವರು ತಮ್ಮ ಹೆಸರು ಗುರುತುಗಳನ್ನು ಮೊದಲೇ ಬರೆದುಕೊಡಬೇಕು.