ಮುಯ್ಯಿ ಪುಸ್ತಕ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಆಪ್ತ ಗೆಳೆಯನ ಮದುವೆ ಇದೆ. ಏನು ಉಡುಗೊರೆ ಕೊಟ್ಟರೆ ಚೆನ್ನ? ಲಕೋಟೆಯಲ್ಲಿ ದುಡ್ಡು ಹಾಕಿ ಕೊಡಲು ಮನಸ್ಸು ಒಪ್ಪುತ್ತಿಲ್ಲ" ಎಂದು ಕೇಳಿದ. ಮೂರು ದಶಕಗಳಿಗೂ ಮೀರಿ ಪಾಠ ಹೇಳಿದವನಾದರೂ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಯೋಚಿಸಿ ಹೇಳುತ್ತೇನಪ್ಪ" ಎಂದೆ. ಆ ಯೋಚನೆಯ ಫಲವೇ ಈ ಬರಹ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಮದುವೆಯ ಉಡುಗೊರೆಗೆ ಮುಯ್ಯಿ ಎನ್ನುತ್ತಿದ್ದರು. ಧಾರೆ ಮುಗಿದ ಮೇಲೆ ಚಪ್ಪರದ ಒಂದು ಮೂಲೆಯಲ್ಲಿ ಜಮಖಾನ ಹಾಸಿ, ಅಕ್ಷರ ಬಲ್ಲವರೊಬ್ಬರು ಪುಸ್ತಕ ಬಿಚ್ಚಿ ಕುಳಿತುಕೊಳ್ಳುತ್ತಿದ್ದರು. ಕೊಟ್ಟವರ ಹೆಸರು, ಊರು, ಕೊಟ್ಟ ವಸ್ತು ಅಥವಾ ಹಣ, ಎಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು ಎಂದು ಮೊತ್ತ ಯಾವಾಗಲೂ ಒಂದರಿಂದ ಕೊನೆಗೊಳ್ಳಬೇಕು. ಮುಂದೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕ ನೋಡಿ, ಬಂದದ್ದಕ್ಕಿಂತ ಕಡಿಮೆಯಾಗದಂತೆ ಮುಯ್ಯಿ ತೀರಿಸಬೇಕು. ಇದನ್ನು ಬರಿಯ ವ್ಯಾಪಾರವೆಂದು ಹಳಿಯುವವರುಂಟು. ಆದರೆ ಬ್ಯಾಂಕಿನ ಸಾಲ ಸುಲಭವಾಗಿ ಸಿಗದಿದ್ದ ಕಾಲದಲ್ಲಿ, ಒಂದು ಮನೆಯ ಮದುವೆಯ ಖರ್ಚನ್ನು ಇಡೀ ಊರು ಹಂಚಿಕೊಳ್ಳುತ್ತಿದ್ದ ಬಗೆ ಅದು.

ನನ್ನ ವಿವಾಹ ನಡೆದದ್ದು 1977ರ ಬೇಸಿಗೆಯಲ್ಲಿ, ನಮ್ಮ ಮನೆಯ ಮುಂದಿನ ತೆಂಗಿನ ಗರಿಯ ಚಪ್ಪರದಲ್ಲಿ. ಆ ದಿನದ ಮುಯ್ಯಿ ಪುಸ್ತಕ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆ ಲೋಟಗಳು, ಹಿತ್ತಾಳೆಯ ಕೊಳಗ, ಗೋಡೆ ಗಡಿಯಾರ, ಡಿ.ವಿ.ಜಿ.ಯವರ ಕಗ್ಗದ ಎರಡು ಪ್ರತಿಗಳು ಎಲ್ಲವೂ ಅದರಲ್ಲಿ ನಮೂದಾಗಿವೆ. ಮಾವನವರು ಕೊಟ್ಟ ಎಚ್.ಎಂ.ಟಿ. ಕೈಗಡಿಯಾರವೂ ಇದೆ. ಆ ಕಂಪನಿಯ ಕೈಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ನನ್ನ ಗಡಿಯಾರ ಮಾತ್ರ ಕೀಲಿ ಕೊಟ್ಟರೆ ಈಗಲೂ ನಡೆಯುತ್ತದೆ. ಪಟ್ಟಿಯಲ್ಲಿ ಒಂದೆಡೆ "ತೆಂಗಿನ ಸಸಿ ಎರಡು" ಎಂದಿದೆ. ನಮ್ಮ ತೋಟದಲ್ಲಿ ಕೂಲಿ ಮಾಡುತ್ತಿದ್ದ ವೃದ್ಧರೊಬ್ಬರು ಅವನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ನಮ್ಮ ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಮೊದಲ ಎಳನೀರು ಇಳಿಸಿದಾಗ ಕೊಟ್ಟವರು ಗತಿಸಿದ್ದರು. ಮರಗಳು ಇಂದಿಗೂ ನಮ್ಮ ಮನೆಗೆ ಕಾಯಿ ಕೊಡುತ್ತಿವೆ.

ಪುಸ್ತಕದ ಅಕ್ಷರಗಳು ನನ್ನ ತಂಗಿಯವು. ಆಗ ಅವಳಿಗೆ ಹದಿನಾರು ವರ್ಷ. ಎಸ್.ಎಸ್.ಎಲ್.ಸಿ. ಮುಗಿಸಿ ಕಾಲೇಜು ಸೇರುವುದರಲ್ಲಿದ್ದಳು. ಕೈಬರಹ ದುಂಡಾಗಿದ್ದುದರಿಂದ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಅದಕ್ಕೆ ಮೊದಲು ಬೆಳಗಿನಿಂದ ಕಳಶಗಿತ್ತಿಯಾಗಿ ನನ್ನ ಪಕ್ಕದಲ್ಲಿ ಕಳಶ ಹಿಡಿದು ನಿಂತವಳೂ ಅವಳೇ. ಕಳಶಗಿತ್ತಿಗೆ ಉಡುಗೊರೆ ಕೊಡುವುದು ಸಂಪ್ರದಾಯ. ನಾನು ಮಹಾಶಯ ಅದನ್ನು ಮರೆತೇಬಿಟ್ಟಿದ್ದೆ. ಗೃಹಪ್ರವೇಶದ ಹೊತ್ತಿಗೆ ಅವಳು ಬಾಗಿಲು ಅಡ್ಡಗಟ್ಟಿ, "ಹೆಣ್ಣು ಹುಟ್ಟಿದರೆ ನಮ್ಮ ಮನೆಗೆ ಕೊಡುತ್ತೀಯಾ?" ಎಂದು ಶಾಸ್ತ್ರದ ಪ್ರಶ್ನೆ ಕೇಳಿದಾಗ ನೆನಪಾಯಿತು. ಒಳಗಿದ್ದ ಮುಯ್ಯಿ ಸೀರೆಗಳಲ್ಲಿ ಒಂದನ್ನು ತರಿಸಿ ಅವಳ ಕೈಗಿತ್ತೆ. ಅವಳು ನಮಸ್ಕರಿಸಿ ಒಳಗೆ ಹೋದಳು.

ಮೂವತ್ತೊಂದು ವರ್ಷ ಕಳೆದವು. 2008ರಲ್ಲಿ ನನ್ನ ಮಗಳ ಮದುವೆ ಗೊತ್ತಾದಾಗ, ಯಾರನ್ನೂ ಮರೆಯಬಾರದೆಂದು ಆ ಪುಸ್ತಕ ಹೊರತೆಗೆದೆವು. ತಂಗಿ ಹಾಳೆ ತಿರುವುತ್ತಿದ್ದವಳು ಒಂದು ಸಾಲಿನ ಮೇಲೆ ಬೆರಳಿಟ್ಟು ನಕ್ಕಳು. "ಕಂದು ಬಣ್ಣದ ಸೀರೆ, ಹಸಿರು ಅಂಚು. ಇದು ನನಗೇ ಬಂತಲ್ಲಣ್ಣ!"

"ನಿನಗೆ ಆವತ್ತೇ ಗೊತ್ತಿತ್ತೇ?"

"ಬರೆದವಳು ನಾನೇ ಅಲ್ಲವೇನಣ್ಣ?"

ನನಗೆ ಭೂಮಿಗಿಳಿದುಹೋದಂತಾಯಿತು. ಕೋಣೆಯಲ್ಲಿ ನನ್ನ ಪತ್ನಿಯೂ ಇದ್ದಳು. ಆ ಸೀರೆ ಅವಳಿಗೆಂದು ಅವಳ ತವರಿನ ಬಂಧುಗಳು ಕೊಟ್ಟದ್ದು. ಅವಳನ್ನೂ ನಾನು ಕೇಳಿರಲಿಲ್ಲ. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಇಡಬೇಕು, ಅದರಲ್ಲಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಇರಬೇಕು ಎಂದು ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿ ನಿಯಮಗಳೇ ಬಂದವು. ವಧುವಿಗೆ ಬಂದದ್ದು ವಧುವಿನದೇ ಎಂಬ ಸರಳ ವಿಚಾರ ಈ ಮೇಷ್ಟರಿಗೆ ಹೊಳೆದಿರಲಿಲ್ಲ. ಒಂದೇ ಸೀರೆಯಿಂದ ಇಬ್ಬರಿಗೆ ಅನ್ಯಾಯ ಮಾಡಿದ್ದೆ.

"ಏನು ಕೊಟ್ಟಿದ್ದರೆ ನಿನಗೆ ಸಂತೋಷವಾಗುತ್ತಿತ್ತು?" ಎಂದು ಕೇಳಿದೆ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಒಂದು ಪೆನ್ನು ಕೊಟ್ಟಿದ್ದರೂ ಸಾಕಾಗಿತ್ತು. ಆವತ್ತು ಬರೆದ ಪೆನ್ನು ನಿನ್ನ ಸ್ನೇಹಿತರದು. ಬಹಳ ಚೆನ್ನಾಗಿ ಬರೆಯುತ್ತಿತ್ತು. ಸಂಜೆ ವಾಪಸು ಕೊಡುವಾಗ ಹೊಟ್ಟೆ ಉರಿಯಿತು."

ಮರುದಿನವೇ ಪೇಟೆಗೆ ಹೋಗಿ ಒಂದು ಒಳ್ಳೆಯ ಶಾಯಿ ಪೆನ್ನು ತಂದುಕೊಟ್ಟೆ. ಮಗಳ ಮದುವೆಯ ಪುಸ್ತಕವನ್ನು ತಂಗಿ ಅದರಲ್ಲೇ ಬರೆದಳು. ಆ ಪುಸ್ತಕದ ಮೊದಲ ಸಾಲು ಹೀಗಿದೆ: "ಅಣ್ಣನಿಂದ ತಂಗಿಗೆ, ಪೆನ್ನು ಒಂದು." ಆ ಮದುವೆಯಲ್ಲಿ ಕಳಶ ಹಿಡಿದ ಹುಡುಗಿಯನ್ನು ತಿಂಗಳ ಮೊದಲೇ ಅಂಗಡಿಗೆ ಕರೆದೊಯ್ದು, ಬಣ್ಣವನ್ನು ಅವಳೇ ಆರಿಸುವಂತೆ ಮಾಡಿದೆ.

ಆದ್ದರಿಂದ, ಪ್ರಶ್ನೆ ಕೇಳಿದ ನನ್ನ ಶಿಷ್ಯನಿಗೆ ಹೇಳುವುದಿಷ್ಟು. ಬೆಲೆಗಿಂತ ಮೊದಲು ಪಡೆಯುವವರ ದಿನಚರಿಯನ್ನು ನೆನೆ. ಬಾಡಿಗೆಯ ಎರಡು ಕೋಣೆಯಲ್ಲಿ ಸಂಸಾರ ಹೂಡುವವರಿಗೆ ದೊಡ್ಡ ಗಾಜಿನ ಅಲಂಕಾರ ಹೊರೆ. ದಿನವೂ ಒಲೆಗೇರುವ ಕುಕ್ಕರ್ ವರ. ವಿಮಾನ ಹತ್ತಿ ಪರದೇಶಕ್ಕೆ ಹೋಗುವವರಿಗೆ ಹಗುರವಾದದ್ದು ಕೊಡು. ಕೇಳಿ ತಿಳಿಯುವುದರಲ್ಲಿ ಅವಮಾನವಿಲ್ಲ. ಆಮಂತ್ರಣದಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚಾಗಿದ್ದರೆ ಅದನ್ನು ಗೌರವಿಸು. ಕೈಯಲ್ಲಿ ಹಣ ಕಡಿಮೆಯಿದ್ದರೆ ಸಂಕೋಚ ಬೇಡ, ಎರಡು ತೆಂಗಿನ ಸಸಿಗಳ ಬೆಲೆ ಎಷ್ಟಿದ್ದೀತು?

ಇನ್ನೊಂದು ಮಾತು ಮದುವೆಯ ಮನೆಯವರಿಗೆ. ಕಳಶಗಿತ್ತಿ, ಧಾರೆಗೆ ಹೆಣ್ಣನ್ನು ಕರೆತರುವ ಸೋದರಮಾವ, ಓಲಗದವರು, ಒಲೆಯ ಮುಂದೆ ಬೆಂದ ಅಡುಗೆಯವರು, ಪಂಕ್ತಿಯ ಮೇಲೆ ಪಂಕ್ತಿ ಬಡಿಸಿದ ಹುಡುಗರು, ಇವರಿಗೆ ಕೊಡುವುದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಮಿಕ್ಕದ್ದರಲ್ಲಿ ಕೊಟ್ಟದ್ದು ಪಡೆದವರಿಗೆ ತಿಳಿದೇ ತಿಳಿಯುತ್ತದೆ. ಅವರು ಹೇಳುವುದಿಲ್ಲ, ಅಷ್ಟೆ.