ತಾಟು ತೊಳೆಯುವ ಸಾಲು

ನಮ್ಮವ್ವ ದಿನಾ ರಾತ್ರಿ ಫೋನಿನಲ್ಲಿ ಕೇಳೋ ಪ್ರಶ್ನೆ ಮೂರೇ. "ಉಂಡ್ಯಾ?" "ಏನುಂಡಿ?" "ಎಲ್ಲುಂಡಿ?" ಬೆಂಗಳೂರಿಗೆ ಬಂದ ಮೊದಲ ಎರಡು ವರ್ಷ, ಭಾನುವಾರ ಬಂತೆಂದರೆ ಈ ಮೂರನೇ ಪ್ರಶ್ನೆಗೆ ನಾನು ಸುಳ್ಳು ಹೇಳುತ್ತಿದ್ದೆ. "ಪಿಜಿಯಾಗ ಉಂಡೆ ಬೇ" ಅಂತ. ಉಂಡಿದ್ದು ಮಾತ್ರ ಮಿಲ್ಲರ್ಸ್ ರೋಡಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಮೆಸ್ಸಿನಲ್ಲಿ. ನನ್ನ ಪಕ್ಕದಲ್ಲಿ ಕೂತು ಉಂಡವನು ನಮ್ಮೂರ ಕೇರಿಯ ಹುಡುಗ, ನನ್ನ ದೋಸ್ತ.

ದೇವದುರ್ಗ ತಾಲೂಕಿನ ಒಂದು ಸಣ್ಣ ಊರು ನಮ್ಮದು. ಒಂದನೇ ಕ್ಲಾಸಿನಿಂದ ಹತ್ತರ ತನಕ ಅವನೂ ನಾನೂ ಒಂದೇ ಬೆಂಚು. ಲೆಕ್ಕ ನಾನು ಅವನಿಗೆ ತೋರಿಸುತ್ತಿದ್ದೆ, ಕನ್ನಡ ಅವನು ನನಗೆ. ಅವರ ಅಜ್ಜನ ಕಾಲಕ್ಕೇ ಮನೆಯವರೆಲ್ಲ ಕ್ರಿಸ್ತರಾದವರು, ರಾಯಚೂರಿನ ಮೆಥೊಡಿಸ್ಟ್ ಚರ್ಚಿಗೆ ಸೇರಿದವರು. ಆದರೆ ಊರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕೇರಿಯವರು ಅಂದರೆ ಕೇರಿಯವರೇ. ಬೇಸಿಗೆಯಲ್ಲಿ ಆಡಿ ದಣಿದು ನಮ್ಮ ಮನೆ ಮುಂದೆ ಬಂದರೆ, ನಾನು ಒಳಗೆ ಹೋಗಿ ಹಂಡೆಯಿಂದ ತಂಬಿಗೆ ತುಂಬಿ ಕುಡಿಯುತ್ತಿದ್ದೆ. ಅವನು ಕಟ್ಟೆಯ ಕೆಳಗೆ ಬಾಗಿ ಬೊಗಸೆ ಒಡ್ಡುತ್ತಿದ್ದ. ಅವ್ವ ಮೇಲಿನಿಂದ ನೀರು ಹಾಕುತ್ತಿದ್ದಳು. ಅವಳು ಕೆಟ್ಟವಳಲ್ಲ. "ಬಿಸಿಲಾಗ ಎಷ್ಟು ಆಡ್ತಿಯೋ ಮಗನಾ, ತಲಿ ಸುಡತೈತಿ" ಅಂತ ಪ್ರೀತಿಯಿಂದಲೇ ಹಾಕುತ್ತಿದ್ದಳು. ತಂಬಿಗೆ ಮಾತ್ರ ಕೊಡುತ್ತಿರಲಿಲ್ಲ. ಅದರಲ್ಲಿ ತಪ್ಪಿದೆ ಅಂತ ನನಗೂ ಆಗ ಅನ್ನಿಸಿರಲಿಲ್ಲ. ಇದನ್ನ ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಜ.

ಹತ್ತನೇ ಕ್ಲಾಸಿನ ನಂತರ ದಾರಿ ಬೇರೆಯಾಯಿತು. ನಾನು ಪಿಯುಸಿ, ಬಿಇ ಅಂತ ಹೋದೆ. ಅವನು ರಾಯಚೂರಿನಲ್ಲಿ ಬಿಎ ಮಾಡಿದ. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ತಿಂಗಳೇ ಅವನ ಫೋನು. "ಲೇ, ನಾನೂ ಬೆಂಗ್ಳೂರಾಗ ಅದೀನಿ. ಪಾದ್ರಿ ಆಗಾಕ ಓದಾಕತ್ತೀನಿ. ಕಂಟೋನ್ಮೆಂಟ್ ಸ್ಟೇಷನ್ ಕಡಿಂದ ಸನೇ ಐತಿ, ಐತವಾರ ಬಾ."

ಪಾದ್ರಿ ಆಗೋದಕ್ಕೂ ಕಾಲೇಜು ಇರುತ್ತದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ಮರಗಳ ಕೆಳಗೆ ಹಳೇ ಕಟ್ಟಡಗಳು, ಒಂದು ಚಾಪೆಲ್, ಲೈಬ್ರರಿ, ಹಾಸ್ಟೆಲ್. ಹೊರಗೆ ಬೆನ್ಸನ್ ಟೌನಿನ ಟ್ರಾಫಿಕ್, ಒಳಗೆ ಹಕ್ಕಿ ಸದ್ದು. 1910ರಲ್ಲಿ ಶುರುವಾದ ಕಾಲೇಜು ಅದು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಪಂಗಡಗಳ ಮಿಷನ್‌ಗಳು ತಮ್ಮ ತಮ್ಮ ಜಗಳ ಬದಿಗಿಟ್ಟು ಕೂಡಿ ಕಟ್ಟಿದ್ದು. ಹಾಗಾಗಿಯೇ ಹೆಸರಿನಲ್ಲಿ 'ಯುನೈಟೆಡ್'. ಆರಂಭದ ವರ್ಷಗಳಲ್ಲಿ ಪ್ರಿನ್ಸಿಪಾಲ್ ಆಗಿದ್ದವರು ಡೆನ್ಮಾರ್ಕಿನ ಎಲ್. ಪಿ. ಲಾರ್ಸೆನ್. ಭಾರತದವರೊಬ್ಬರು, ರಸೆಲ್ ಚಂದ್ರನ್, ಆ ಕುರ್ಚಿಯಲ್ಲಿ ಕೂರೋದಕ್ಕೆ 1954 ಬರಬೇಕಾಯಿತು. ಡಿಗ್ರಿ ಕೊಡೋದು ಬಂಗಾಳದ ಸೆರಾಂಪುರದ ಸೆನೆಟ್. ಆ ಸೆರಾಂಪುರ ಕಾಲೇಜಿಗೆ ಡಿಗ್ರಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕಿನ ರಾಜನ ಸನದಿನಿಂದ. "ನಿನ್ನ ಡಿಗ್ರಿ ಬೆಳಗಾವಿದು, ನಂದು ರಾಜಂದು" ಅಂತ ದೋಸ್ತ ನನ್ನನ್ನ ರೇಗಿಸುತ್ತಿದ್ದ.

ಮೊದಲ ಭಾನುವಾರ ಮೆಸ್ಸಿನಲ್ಲಿ ಕೂತಾಗ ನನಗೆ ಗಾಬರಿಯೇ ಆಯಿತು. ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್, ಮಿಜೋರಾಮಿನ ಪ್ರೆಸ್ಬಿಟೇರಿಯನ್, ಕೇರಳದ ಮಾರ್ ತೋಮಾ, ಆಂಧ್ರದ ಲುಥೆರನ್, ತಮಿಳುನಾಡಿನ ಸಿಎಸ್ಐ, ಮ್ಯಾನ್ಮಾರಿನವನೊಬ್ಬ, ಜರ್ಮನಿಯಿಂದ ಒಂದು ವರ್ಷದ ಓದಿಗೆ ಬಂದ ಹುಡುಗಿಯೊಬ್ಬಳು. ಕ್ರಿಸ್ತರೆಂದರೆ ಎಲ್ಲಾ ಒಂದೇ ಅಂದುಕೊಂಡಿದ್ದ ನನಗೆ, ಇಷ್ಟೊಂದು ಒಳಪಂಗಡ ನೋಡಿ ನಮ್ಮ ಕಡೆಯ ಮಠಗಳು ನೆನಪಾದವು. ಅನ್ನ, ಸಾರು, ಬೀನ್ಸ್ ಪಲ್ಯ. ನಾಗಾ ಹುಡುಗ ತನ್ನೂರಿನಿಂದ ತಂದ ಖಾರದ ಚಟ್ನಿ ಬಾಟಲಿ ತೆಗೆದ. ದೋಸ್ತ ತನ್ನ ಟ್ರಂಕಿನಿಂದ ಗುರೆಳ್ಳು ಹಿಂಡಿ ತಂದಿಟ್ಟ. ಜರ್ಮನ್ ಹುಡುಗಿ ಎರಡನ್ನೂ ಒಟ್ಟಿಗೆ ಅನ್ನಕ್ಕೆ ಕಲಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, "ಚೆನ್ನಾಗಿದೆ" ಅಂದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ.

ಊಟ ಮುಗಿದ ಮೇಲೆ ಎಲ್ಲರೂ ತಾಟು ಹಿಡಿದು ನಲ್ಲಿಯ ಮುಂದೆ ಸಾಲು ನಿಂತರು. ನಾನೂ ನಿಂತೆ. ನನ್ನ ತಾಟು ತೊಳೆದು ಇಡುವಾಗ ದೋಸ್ತ ತನ್ನದನ್ನ ಅದರ ಮೇಲೇ ಇಟ್ಟ. ಆಮೇಲೆ ಯಾವುದು ಯಾರದು ಅಂತ ಗುರುತು ಉಳಿಯಲಿಲ್ಲ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಒಂದು ತುತ್ತನ್ನೂ ಕೂಡಿ ಉಂಡಿರಲಿಲ್ಲ ಅನ್ನೋದು ನನಗೆ ಹೊಳೆದದ್ದು ಅಲ್ಲಿ. ಅವನಿಗೆ ಮೊದಲೇ ಗೊತ್ತಿತ್ತು. ಗೇಟಿನ ತನಕ ಬಿಡಲು ಬಂದವನು ನಗುತ್ತಲೇ ಕೇಳಿದ, "ಅವ್ವಗ ಹೇಳ್ತಿಯೇನು?" ನಾನು ಬಸ್ ಬಂತೆಂದು ಓಡಿದೆ.

ಆಮೇಲೆ ಭಾನುವಾರ ಅಲ್ಲಿಗೆ ಹೋಗೋದು ರೂಢಿಯಾಯಿತು. ಮಿಜೋ ಹುಡುಗರು ಸಂಜೆ ಗಿಟಾರ್ ಹಿಡಿದರೆ ಹಾಸ್ಟೆಲ್ಲೇ ಹಾಡುತ್ತಿತ್ತು. ಒಮ್ಮೆ ಚಾಪೆಲ್ಲಿನಲ್ಲಿ ಆರಾಧನೆ ನಡೆಸಿದ್ದು ಒಬ್ಬ ಹುಡುಗಿ, ನಮ್ಮ ವಯಸ್ಸಿನವಳೇ. ನಾನು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡಿದೆ. ಅಲ್ಲಿನ ಓದು ನಾನಂದುಕೊಂಡಂತೆ ಪ್ರಾರ್ಥನೆ, ಭಜನೆ ಅಷ್ಟೇ ಅಲ್ಲ. ಗ್ರೀಕ್ ಕಲಿಯಬೇಕು, ಹೀಬ್ರೂ ಕಲಿಯಬೇಕು. ಹೀಬ್ರೂ ಬಲದಿಂದ ಎಡಕ್ಕೆ ಬರೆಯೋದು ನೋಡಿ ನನಗೆ ನಮ್ಮಜ್ಜ ನೆನಪಾದ. ನಿಜಾಮನ ಕಾಲದಲ್ಲಿ ಶಾಲೆ ಕಲಿತವನು ಅವನು, ಹೊಲದ ಕಾಗದಗಳೆಲ್ಲ ಉರ್ದುವಿನಲ್ಲೇ ಇದ್ದವು. ಒಂದೇ ವಾಕ್ಯ ಹಳೇ ಹಸ್ತಪ್ರತಿಗಳಲ್ಲಿ ಬೇರೆ ಬೇರೆ ಥರ ಇರುತ್ತದೆ, ಯಾವುದು ಮೊದಲಿನದು ಅಂತ ಹುಡುಕಬೇಕು ಅಂತ ದೋಸ್ತ ವಿವರಿಸಿದರೆ, "ಇದು ನಮ್ಮ ಮರ್ಜ್ ಕಾನ್‌ಫ್ಲಿಕ್ಟ್ ಇದ್ದಂಗ ಐತಲ್ಲೋ" ಅಂದಿದ್ದೆ.

ಬೇರೆ ಧರ್ಮಗಳ ಪಾಠವೂ ಅಲ್ಲಿ ಇತ್ತು. ಕಾರ್ಕಳದಲ್ಲಿ ಹುಟ್ಟಿದ ಎಸ್. ಜೆ. ಸಮರ್ಥ ಈ ಕಾಲೇಜಿನಲ್ಲಿ ಪಾಠ ಮಾಡಿದವರು. ಮುಂದೆ ಜಿನೀವಾದ ಚರ್ಚುಗಳ ಜಾಗತಿಕ ಒಕ್ಕೂಟದಲ್ಲಿ, ಬೇರೆ ಧರ್ಮದವರ ಜೊತೆ ಕೂತು ಮಾತಾಡೋದಕ್ಕೆಂದೇ 1971ರಲ್ಲಿ ಶುರುವಾದ ವಿಭಾಗವನ್ನು ಮೊದಲು ನಡೆಸಿದವರೂ ಅವರೇ. ಒಂದು ಪರೀಕ್ಷೆಗೆ ಮುಂಚೆ ದೋಸ್ತ ಫೋನು ಮಾಡಿ, "ಮಾನ್ವಿ ಜಗನ್ನಾಥದಾಸರು ಹರಿಕಥಾಮೃತಸಾರದಾಗ ಏನು ಹೇಳ್ಯಾರೋ? ನಿಮ್ಮ ಕಡಿಯೋರಲ್ಲ, ಹೇಳು" ಅಂದ. ನನಗೆ ಪುಸ್ತಕದ ಹೆಸರು ಬಿಟ್ಟು ಏನೂ ಗೊತ್ತಿರಲಿಲ್ಲ. ಕೊನೆಗೆ ಅವನೇ ಲೈಬ್ರರಿಯಲ್ಲಿ ಓದಿ ನನಗೆ ಹೇಳಿದ. ನಮ್ಮ ಜಿಲ್ಲೆಯ ದಾಸರನ್ನು ನಾನು ಪಾದ್ರಿ ಆಗುವವನಿಂದ ಕಲಿತೆ.

ಅವನ ನಿಜವಾದ ಕಷ್ಟ ಬೇರೆ. ಪಾಠ, ಪುಸ್ತಕ, ಪರೀಕ್ಷೆ ಎಲ್ಲಾ ಇಂಗ್ಲಿಷಿನಲ್ಲಿ. "ಇಲ್ಲಿ ಕಲಿತ ದೇವ್ರು ಇಂಗ್ಲಿಷ್ ಮಾತಾಡ್ತಾನ. ಇವನ್ನ ಮಾನ್ವಿಗೆ ಹೆಂಗ ಒಯ್ಯಲಿ?" ಅನ್ನುತ್ತಿದ್ದ. ಕನ್ನಡಕ್ಕೆ ಬೈಬಲ್ ಬಂದು ಬಹಳ ಕಾಲವಾಗಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ನಮ್ಮ ಪಕ್ಕದ ಬಳ್ಳಾರಿಗೆ ಬಂದು ಅನುವಾದಕ್ಕೆ ಕೂತವನು. ಕಿಟೆಲ್ಲನ ನಿಘಂಟು 1894ರದ್ದು. ಆದರೆ ಪುಸ್ತಕದ ಕನ್ನಡಕ್ಕೂ ನಮ್ಮೂರ ಕಟ್ಟೆಯ ಕನ್ನಡಕ್ಕೂ ಇರುವ ದೂರ ಬಳ್ಳಾರಿಗಿಂತ ಜಾಸ್ತಿ. ಹಾಗಾಗಿ ಅವನ ಪ್ರಸಂಗಕ್ಕೆ ನಾನೇ ಟೆಸ್ಟಿಂಗ್ ಟೀಮು. ಮರದ ಕೆಳಗೆ ನಿಂತು ಅವನು ಹೇಳೋದು, ನಾನು ಕಲ್ಲುಬೆಂಚಿನ ಮೇಲೆ ಕೂತು "ಇದು ನಮ್ಮವ್ವಗ ತಿಳಿಯಂಗಿಲ್ಲ" ಅನ್ನೋದು.

ಒಂದು ಸಂಜೆ ಒಂದೇ ಪದದ ಮೇಲೆ ಸಿಕ್ಕಿಬಿದ್ದೆವು. ಮುರಿದ ಸಂಬಂಧ ಮತ್ತೆ ಕೂಡೋದಕ್ಕೆ ಏನನ್ನಬೇಕು? ನಾನು, "ರಾಜಿ ಅನ್ನು, ಎಲ್ಲಾರಿಗೂ ತಿಳಿತೈತಿ" ಅಂದೆ. ಅವನು ತಲೆ ಅಲ್ಲಾಡಿಸಿದ. "ನಮ್ಮೂರಾಗ ರಾಜಿ ಅಂದ್ರ ಏನು ಹೇಳು? ಪಂಚಾಯ್ತಿ ಕೂಡಿಸ್ತಾರ. ಬಡಿಸಿಕೊಂಡಾವ ಬಾಯಿ ಮುಚ್ಕೊಂಡು ಹೋಗ್ಬೇಕು. ಅದು ರಾಜಿ. ಆ ಮಾತು ನನ್ನ ಬಾಯಾಗ ಬರಂಗಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ, "ಕೂಡಿ ಉಣ್ಣೋದು ಅಂತೀನಿ. ಅಷ್ಟೇ ಸಾಕು."

ಇದೇ ಕಾಲೇಜಿನ ಕೇರಿ ಸೊಸೈಟಿಯಲ್ಲಿ 1981ರ ಏಪ್ರಿಲ್‌ನಲ್ಲಿ ಅರವಿಂದ ನಿರ್ಮಲ್ ಅನ್ನುವ ಮೇಷ್ಟ್ರು ಶೂದ್ರ ದೇವತಾಶಾಸ್ತ್ರದ ಬಗ್ಗೆ ಒಂದು ಭಾಷಣ ಮಾಡಿದ್ದರಂತೆ. ಆ ಸೊಸೈಟಿಯ ಹೆಸರು ವಿಲಿಯಂ ಕೇರಿಯದು, ನಮ್ಮೂರ ಕೇರಿಯದಲ್ಲ. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರಾಗಿರುವಾಗ, ಅವರ ನೋವು ಲೆಕ್ಕಕ್ಕೇ ಬಾರದ ದೇವರ ವಿಚಾರ ಯಾರಿಗಾಗಿ? ಆ ಪ್ರಶ್ನೆಯಿಂದ ದಲಿತ ದೇವತಾಶಾಸ್ತ್ರ ಅನ್ನೋದೇ ಬೆಳೆಯಿತು, ಬೇರೆ ದೇಶಗಳಲ್ಲೂ ಓದಿಸುತ್ತಾರೆ. ದೋಸ್ತ ಅದನ್ನ ಓದಿದ ರಾತ್ರಿ ನಿದ್ದೆ ಮಾಡಲಿಲ್ಲವಂತೆ. "ಚರ್ಚಿಗೆ ಸೇರಿದ್ರ ಜಾತಿ ಹೋಗ್ತೈತಿ ಅಂದಿದ್ರು ನಮ್ಮಜ್ಜಗ. ಊರಾಗ ಹೋಗ್ಲಿಲ್ಲ, ಚರ್ಚಿನಾಗೂ ಪೂರ್ತಿ ಹೋಗ್ಲಿಲ್ಲ. ಹೋಗಿದ್ದು ಸರ್ಕಾರದ ಕಾಗದದಾಗ ಮಾತ್ರ" ಅಂದ. 1950ರ ರಾಷ್ಟ್ರಪತಿ ಆದೇಶದ ಮಾತು ಅದು. ಪರಿಶಿಷ್ಟ ಜಾತಿಯ ಪಟ್ಟಿಗೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರಿಸ್ತರಾದವರು ಹೊರಗೇ ಉಳಿದರು. ಬೊಗಸೆ ಒಡ್ಡೋದಕ್ಕೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ.

ಇಷ್ಟೆಲ್ಲಾ ಕೇಳಿಸಿಕೊಂಡು, ತಲೆ ಆಡಿಸಿ, ರಾತ್ರಿ ಫೋನಿನಲ್ಲಿ ನಾನು ಹೇಳುತ್ತಿದ್ದದ್ದು ಅದೇ: "ಪಿಜಿಯಾಗ ಉಂಡೆ ಬೇ."

ಓದು ಮುಗಿಸಿ ಅವನು ಮಾನ್ವಿ ಕಡೆಯ ಒಂದು ಸಣ್ಣ ಸಭೆಗೆ ಪಾದ್ರಿಯಾಗಿ ಹೋದ. ಮದುವೆಯಾಯಿತು. ನನ್ನ ಪ್ರಾಜೆಕ್ಟು, ಡೆಡ್‌ಲೈನು, ಮನೆ ಸಾಲ ಅಂತ ಮಾತು ಕಡಿಮೆಯಾಯಿತು. ಮೂರು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದು ರಾಯಚೂರಿನ ಒಂದು ಆಸ್ಪತ್ರೆಗೆ ಸೇರಿಸಿದಾಗ, ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕೂತಲ್ಲಿಂದಲೇ ಅವನಿಗೆ ಮೆಸೇಜ್ ಹಾಕಿದ್ದೆ. ನಾನು ತಲುಪುವ ಹೊತ್ತಿಗೆ ಅವನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮಾನ್ವಿಯಿಂದ ಮೊದಲ ಬಸ್ಸಿಗೇ ಬಂದಿದ್ದನಂತೆ. ಕೈಯಲ್ಲಿ ಕ್ಯಾರಿಯರ್ರು.

ಮೊದಲ ದಿನ ಅವ್ವ, "ಹಸಿವಿಲ್ಲಪ್ಪ" ಅಂದಳು. ಎರಡನೇ ದಿನ, "ಇವತ್ತು ಸೋಮವಾರ, ಒಪ್ಪತ್ತು" ಅಂದಳು. ದೋಸ್ತ ಏನೂ ಅನ್ನಲಿಲ್ಲ. ಮುಚ್ಚಿದ ಕ್ಯಾರಿಯರ್ ತೆಗೆದುಕೊಂಡು ವಾಪಸ್ ಹೋದ. ಅವನ ಬೆನ್ನು ನೋಡುತ್ತಾ ನಿಂತಾಗ, ಎರಡು ವರ್ಷದ ನನ್ನ ಸುಳ್ಳುಗಳೆಲ್ಲ ಆ ಡಬ್ಬಿಯಲ್ಲೇ ಇವೆ ಅನ್ನಿಸಿತು. ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಅವ್ವನ ಪಕ್ಕ ಕೂತು ಹೇಳಿದೆ. "ಬೇ, ಬೆಂಗ್ಳೂರಾಗ ಎರಡು ವರ್ಷ ಐತವಾರ ನಾ ಅವನ ಸಂಗಾಟ ಕೂತು ಉಂಡೀನಿ. ನಿನ್ಮುಂದ ಸುಳ್ಳು ಹೇಳೀನಿ." ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಇಷ್ಟೇ: "ಅಲ್ಲಿ ರೊಟ್ಟಿ ಮಾಡ್ತಿದ್ರೇನು?"

ಮೂರನೇ ದಿನ ಅವನು ಬಂದ. ಈ ಸಲ ಹೆಂಡತಿಯೂ ಬಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು. ಅವ್ವ ಕ್ಯಾರಿಯರ್ ತನ್ನ ಕಡೆ ಎಳೆದುಕೊಂಡು, ರೊಟ್ಟಿ ಮುರಿದಳು. "ಉಪ್ಪು ಕಮ್ಮಿ ಆಗೈತಿ ನೋಡವ್ವಾ" ಅಂದಳು, ಆ ಹುಡುಗಿಗೆ. ಸೊಸೆಗೆ ಹೇಳುವ ಧ್ವನಿಯದು. ಉಂಡಾದ ಮೇಲೆ ಎದ್ದು ಹೋಗಿ ನಲ್ಲಿಯಲ್ಲಿ ಡಬ್ಬಿಗಳನ್ನು ತಾನೇ ತೊಳೆದು ತಂದಳು. ಆ ಹುಡುಗಿ "ಬ್ಯಾಡ್ರಿ ಅತ್ತಿ" ಅಂದರೂ ಬಿಡಲಿಲ್ಲ. ದೋಸ್ತ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ಎಲ್ಲಾ ಬದಲಾಯಿತು ಅಂತ ಬರೆದರೆ ಅದೂ ಸುಳ್ಳೇ ಆಗುತ್ತದೆ. ಅಪ್ಪ ಹುಷಾರಾಗಿ ಊರಿಗೆ ಬಂದ ಮೇಲೆ ದೋಸ್ತ ಒಮ್ಮೆ ನೋಡಲು ಬಂದಿದ್ದ. ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ, ನಮ್ಮದೇ ತಂಬಿಗೆಯಲ್ಲಿ ನೀರು ಕೊಟ್ಟಳು, ನಮ್ಮದೇ ಕಪ್ಪಿನಲ್ಲಿ ಚಹಾ ಕೊಟ್ಟಳು. ಅಡುಗೆಮನೆಯ ಹೊಸ್ತಿಲು ಅವನೂ ದಾಟಲಿಲ್ಲ, ಅವಳೂ ಕರೆಯಲಿಲ್ಲ. ಅಪ್ಪ ಗೋಡೆ ನೋಡುತ್ತಾ ಮಲಗಿದ್ದವನು, ಹೋಗುವಾಗ ಮಾತ್ರ "ಮತ್ತ ಬಾರಪ್ಪಾ" ಅಂದ. ಓಣಿಯಲ್ಲಿ ಇಬ್ಬರು ಮೂವರು ಇಣುಕಿ ನೋಡಿದರು. ಮರುದಿನ ಒಬ್ಬರು ಕೇಳಿಯೂ ಕೇಳಿದರು. ಅವ್ವ ಏನಂದಳೋ ನನಗೆ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ನಾನು ಅವನ ಜೊತೆ ನಡೆದೆ. ಮಾನ್ವಿಗೆ ಹೋಗಲು ದೇವದುರ್ಗದ ಬಸ್ಸಿಗೆ ಕಾಯುತ್ತಾ, "ಅಂತೂ ಅವ್ವಗ ಹೇಳಿದಿ" ಅಂದ. "ಹತ್ತು ವರ್ಷ ತಡ ಆತು" ಅಂದೆ. "ಹೊಸ್ತಿಲಿನ್ನೂ ಐತಿ" ಅಂದ ಅವನು. ಬಸ್ಸು ಬಂತು. ಈ ಸಲ ಓಡಿದವನು ಅವನು.

ಈಗಲೂ ಅವ್ವ ದಿನಾ ಕೇಳುತ್ತಾಳೆ, ಉಂಡ್ಯಾ, ಏನುಂಡಿ, ಎಲ್ಲುಂಡಿ. ಈಗ ಇದ್ದದ್ದು ಇದ್ದಂಗೆ ಹೇಳುತ್ತೇನೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾನ್ವಿಗೆ ಹೋಗಿ ಅವನ ಮನೆಯಲ್ಲೇ ಉಂಡು ಬಂದೆ. ಹೊರಡುವಾಗ ಅವ್ವ ಒಂದು ಡಬ್ಬಿ ಕೈಗಿತ್ತಿದ್ದಳು. ಶೇಂಗಾ ಹೋಳಿಗೆ. "ಡಬ್ಬಿ ಮರೀಬ್ಯಾಡ, ವಾಪಸ್ ತಗೊಂಬಾ" ಅಂದಿದ್ದಳು. ತಂದುಕೊಟ್ಟೆ. ಅದನ್ನ ತೊಳೆದು, ಅಡುಗೆಮನೆಯಲ್ಲಿ ಉಳಿದ ಡಬ್ಬಿಗಳ ಸಾಲಿನಲ್ಲೇ ಇಟ್ಟಳು.